ಐದು ಶಾಲೆ, ಒಂದೇ ಗಲ್ಲಾ: ನನ್ನ ಅನುಭವ

ನಮ್ಮ ಟ್ರಸ್ಟ್‌ನ ಐದೂ ಶಾಲೆಗಳಲ್ಲಿ ಈಗ ಮೂರು ವರ್ಷದಿಂದ ಪ್ರತಿ ತಿಂಗಳು ಮೊದಲ ವಾರದೊಳಗೆ ಸಂಬಳ ಆಗುತ್ತಿದೆ. ಏಪ್ರಿಲ್, ಮೇ ತಿಂಗಳದ್ದೂ ಸೇರಿ. ಶಾಲೆ ನಡೆಸುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರದ ಅನುದಾನ ಇಲ್ಲದ ಎಷ್ಟೋ ಕಡೆ ಹತ್ತು ತಿಂಗಳ ಸಂಬಳ ಕೊಟ್ಟು, ಬೇಸಿಗೆ ರಜೆಗೆ "ಜೂನ್‌ನಲ್ಲಿ ಬನ್ನಿ ಮಿಸ್" ಎಂದು ಕಳಿಸುವುದೇ ರೂಢಿ. ನಾವು ಅದನ್ನು ನಿಲ್ಲಿಸಿದೆವು. ದೊಡ್ಡ ದಾನಿ ಯಾರೂ ಸಿಗಲಿಲ್ಲ. ಫೀಸನ್ನು ಸಿಕ್ಕಾಪಟ್ಟೆ ಏರಿಸಲೂ ಇಲ್ಲ. ಐದು ಶಾಲೆಯ ದುಡ್ಡನ್ನು ಒಂದೇ ಗಲ್ಲಾಪೆಟ್ಟಿಗೆಗೆ ತಂದೆವು. "ಎರಡೇ ವರ್ಷ ನೋಡ್ರಿ, ಚೆನ್ನಾಗಿ ನಡೀತಿರೋ ಶಾಲೆನೂ ಮುಳುಗುತ್ತೆ" ಎಂದು ಇದೇ ಊರಿನ ಇನ್ನೊಂದು ಸಂಸ್ಥೆಯ ಕಾರ್ಯದರ್ಶಿ ಹೇಳಿದ್ದರು. ಮುಳುಗಲಿಲ್ಲ. ಈಗ ಅವರೇ ಲೆಕ್ಕದ ಹಾಳೆ ಕೇಳಿ ಇಸಕೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರು ದಾವಣಗೆರೆ. ಹತ್ತಿ ಗಿರಣಿಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಕೆಲವು ಜವಳಿ ವರ್ತಕರು ಸೇರಿ ಕಟ್ಟಿದ ಟ್ರಸ್ಟ್ ನಮ್ಮದು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಶಾಲೆಗಳು ಉಳಿದವು. ಹಳೇಪೇಟೆಯಲ್ಲಿ ಒಂದು ಅನುದಾನಿತ ಹೈಸ್ಕೂಲು, ಅದರ ಪಕ್ಕದಲ್ಲೇ ಒಂದು ಕನ್ನಡ ಪ್ರಾಥಮಿಕ. ಮಂಡಕ್ಕಿ ಭಟ್ಟಿ ಕಡೆ ಇನ್ನೊಂದು ಕನ್ನಡ ಶಾಲೆ. ಬಡಾವಣೆಯಲ್ಲಿ ಒಂದು ದೊಡ್ಡ ಇಂಗ್ಲಿಷ್ ಮೀಡಿಯಂ, ಊರಿನ ಅಂಚಿನಲ್ಲಿ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ. ಒಟ್ಟು ಮಕ್ಕಳು 1,700ರ ಆಸುಪಾಸು. ನಾವೇ ಸಂಬಳ ಕೊಡುವ ಶಿಕ್ಷಕರು 75 ಜನ, ಆಯಾ, ಕ್ಲರ್ಕ್, ಡ್ರೈವರ್ ಎಲ್ಲ ಸೇರಿ ಇನ್ನೊಂದು 20.

ಎರಡೂ ಕನ್ನಡ ಶಾಲೆ ಶುರುವಾಗಿದ್ದು 1995ರ ನಂತರ. ಹಾಗಾಗಿ ಅನುದಾನ ಇಲ್ಲ. ಆಮೇಲೆ ಶುರುವಾದ ಶಾಲೆಗಳಿಗೂ ಅನುದಾನ ಕೊಡಿ ಎಂಬ ಬೇಡಿಕೆ ಎಷ್ಟು ಸರ್ಕಾರ ಬಂದರೂ ಬೇಡಿಕೆಯಾಗಿಯೇ ಇದೆ. ಅನುದಾನಿತ ಹೈಸ್ಕೂಲಿನ ಕಥೆ ಬೇರೆ. ಮೇಷ್ಟ್ರು ನಿವೃತ್ತರಾದರೆ ಆ ಹುದ್ದೆ ತುಂಬಲು ಅನುಮತಿ ವರ್ಷಗಟ್ಟಲೆ ಬರುವುದಿಲ್ಲ. ಅಲ್ಲಿಯವರೆಗೆ ಗಣಿತ ಯಾರು ಹೇಳಿಕೊಡಬೇಕು? ಮ್ಯಾನೇಜ್‌ಮೆಂಟೇ ಇಡಬೇಕು, ಮ್ಯಾನೇಜ್‌ಮೆಂಟೇ ಸಂಬಳ ಕೊಡಬೇಕು. ಹೆಸರಿಗೆ ಅನುದಾನಿತ ಶಾಲೆ, ಅಲ್ಲೇ ಐದು ಜನ ನಮ್ಮ ಲೆಕ್ಕದವರು.

ಮುಂಚೆ ಒಂದೊಂದು ಶಾಲೆಯದೂ ಬೇರೆ ಬೇರೆ ಖಾತೆ. ಬಡಾವಣೆ ಶಾಲೆಯಲ್ಲಿ ಫೀಸು 28 ಸಾವಿರ, 600 ಮಕ್ಕಳು, ಮಾರ್ಚ್‌ನಲ್ಲೂ ಖಾತೆಯಲ್ಲಿ ದುಡ್ಡು ಇರುತ್ತಿತ್ತು. ಭಟ್ಟಿ ಶಾಲೆಯಲ್ಲಿ ಫೀಸು ನಾಲ್ಕೂವರೆ ಸಾವಿರ, ಅದರಲ್ಲೂ ಬರುತ್ತಿದ್ದುದು ರೂಪಾಯಿಗೆ 60 ಪೈಸೆ. ಅಲ್ಲಿನ ಎಚ್ಎಂ (ಮುಖ್ಯ ಶಿಕ್ಷಕರು) ಪ್ರತಿ ಡಿಸೆಂಬರ್‌ನಲ್ಲಿ ಬಡಾವಣೆ ಶಾಲೆಯ ಪ್ರಿನ್ಸಿಪಾಲರ ಹತ್ತಿರ ಕೈಗಡ ಕೇಳಬೇಕು. ಇವರು ಕೊಡುವಾಗ ನಾಲ್ಕು ಮಾತು ಸೇರಿಸಿ ಕೊಡುತ್ತಾರೆ. ಒಂದೇ ಟ್ರಸ್ಟ್‌ನ ಇಬ್ಬರು ಮುಖ್ಯಸ್ಥರು, ಒಬ್ಬರು ಸಾಹುಕಾರರು, ಒಬ್ಬರು ಸಾಲಗಾರರು. ಏಪ್ರಿಲ್‌ನಲ್ಲಿ ಭಟ್ಟಿ ಶಾಲೆಯ ಶಿಕ್ಷಕಿಯರಲ್ಲಿ ಮೂರರಲ್ಲಿ ಒಬ್ಬರು ಕೆಲಸ ಬಿಡುತ್ತಿದ್ದರು. ಜೂನ್‌ನಲ್ಲಿ ಹೊಸಬರು. ಮಕ್ಕಳಿಗೆ ಮಿಸ್ ಹೆಸರು ಗೊತ್ತಾಗುವಷ್ಟರಲ್ಲಿ ದಸರಾ ರಜೆ.

ಕೋವಿಡ್ ಬಂದಾಗ ಇದು ಪೂರ್ತಿ ಬಯಲಾಯಿತು. ಹಳೇಪೇಟೆಯ ಒಂದೇ ಕಾಂಪೌಂಡಿನೊಳಗೆ ಅನುದಾನಿತ ಮೇಷ್ಟ್ರಿಗೆ ಸರ್ಕಾರದ ಸಂಬಳ ಬರುತ್ತಿತ್ತು, ಅದೇ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ನಮ್ಮ ಗಣಿತದ ಮೇಷ್ಟ್ರಿಗೆ ಏನೂ ಇಲ್ಲ. ಅವರು ಬಟ್ಟೆ ಅಂಗಡಿಗೆ ಲೆಕ್ಕ ಬರೆಯಲು ಹೋದರು. 2021ರ ಜನವರಿಯಲ್ಲಿ ಬೋಧನಾ ಶುಲ್ಕದಲ್ಲಿ ನೂರಕ್ಕೆ 70 ಭಾಗ ಮಾತ್ರ ತಗೊಳ್ಳಿ ಎಂದು ಸರ್ಕಾರದ ಆದೇಶ ಬಂತು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಅದನ್ನು 85 ಮಾಡಿತು. ಆ ಎಂಟು ತಿಂಗಳು ಬಡಾವಣೆಯ ಪೋಷಕರು "ಪೂರ್ತಿ ತೀರ್ಮಾನ ಆಗಲಿ ಸಾರ್" ಎಂದು ಕಾಯುತ್ತಾ ಕೂತರು. ಆಗಲೇ ಅನ್ನಿಸಿದ್ದು, ಕಟ್ಟಡ, ಬಸ್ಸು, ಸ್ಮಾರ್ಟ್ ಬೋರ್ಡು ಎಲ್ಲ ಆಮೇಲೆ, ಟ್ರಸ್ಟ್ ಅನ್ನುವುದು ಇರುವುದೇ ಸಂಬಳ ನಿಲ್ಲದ ಹಾಗೆ ನೋಡಿಕೊಳ್ಳಲು.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು, ದಾನಿಗಳ ಬಾಗಿಲಿಗೆ ಹೋದೆವು. ಕೊಠಡಿ ಕಟ್ಟಿಸಲು ಜನ ಸಿಗುತ್ತಾರೆ. ಬಾಗಿಲ ಮೇಲೆ ಕಲ್ಲಿನಲ್ಲಿ ಅಪ್ಪನ ಹೆಸರು ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಸಂಬಳಕ್ಕೆ ದಾನ ಕೊಡುವವರು ಇಲ್ಲ. ಸಂಬಳದ ಮೇಲೆ ಹೆಸರು ಕೆತ್ತಲು ಆಗುವುದಿಲ್ಲವಲ್ಲ. ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್ಆರ್ ದುಡ್ಡಿಗೂ ಓಡಾಡಿದೆವು. 2021ರ ಏಪ್ರಿಲ್‌ನಿಂದ ಆ ದುಡ್ಡು ಪಡೆಯುವ ಸಂಸ್ಥೆಗೆ ಸಿಎಸ್ಆರ್-1 ಎಂಬ ನೋಂದಣಿ ಕಡ್ಡಾಯ, ಅದನ್ನು ಮಾಡಿಸಿದೆವು. ಒಂದು ಕಂಪನಿಯವರು ಬಂದರು, ಭಟ್ಟಿ ಶಾಲೆ ನೋಡಿ ಕಣ್ಣು ಒದ್ದೆ ಮಾಡಿಕೊಂಡರು, ಫೋಟೋ ತೆಗೆದರು, ಉದ್ದುದ್ದ ಎಕ್ಸೆಲ್ ತುಂಬಿಸಿಕೊಂಡರು. ಕೊನೆಗೆ ಕೊಟ್ಟಿದ್ದು ಆರು ಪ್ರೊಜೆಕ್ಟರು. ಎರಡು ವರ್ಷಕ್ಕೆ ಲ್ಯಾಂಪು ಹೋದವು. ಒಂದೊಂದು ಲ್ಯಾಂಪಿಗೆ ಎಂಟೊಂಬತ್ತು ಸಾವಿರ. ಅಷ್ಟು ದುಡ್ಡಿಗೆ ಆಗ ಅಲ್ಲಿ ಒಬ್ಬ ಮಿಸ್‌ನ ಒಂದು ತಿಂಗಳ ಸಂಬಳ ಆಗುತ್ತಿತ್ತು. ಮೂರು ಪ್ರೊಜೆಕ್ಟರು ಇನ್ನೂ ಬೀರುವಿನಲ್ಲಿವೆ.

ಶಿಕ್ಷಣ ಹಕ್ಕು ಕಾಯ್ದೆಯಲ್ಲಿ (ಆರ್‌ಟಿಇ) ಬಡ ಮಕ್ಕಳಿಗೆ ಸೀಟು ಕೊಟ್ಟಿದ್ದಕ್ಕೆ ಸರ್ಕಾರ ಕೊಡುವ ದುಡ್ಡೂ ಕೈಕೊಟ್ಟಿತು. ಅಂಚಿನ ಇಂಗ್ಲಿಷ್ ಶಾಲೆ ಅದನ್ನೇ ನೆಚ್ಚಿಕೊಂಡಿತ್ತು. ಒಂದನೇ ಕ್ಲಾಸಿನ ಮೇಲಿನ ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 16 ಸಾವಿರ, ಎಲ್‌ಕೆಜಿಗೆ 8 ಸಾವಿರ, ಅದೂ ಕಂತಿನಲ್ಲಿ, ಅದೂ ತಡವಾಗಿ. 2019ರಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಹೊಸ ಸೀಟಿಲ್ಲ. ಹಳೇ ಮಕ್ಕಳು ಒಂದೊಂದೇ ಬ್ಯಾಚು ಎಂಟನೇ ಕ್ಲಾಸು ಮುಗಿಸಿ ಹೋಗುತ್ತಿದ್ದಾರೆ, ಅವರ ಜೊತೆ ಆ ದುಡ್ಡೂ.

ಹೊರಗಿನ ದಾರಿ ಎಲ್ಲ ಮುಗಿದ ಮೇಲೆ ಒಳಗೆ ನೋಡಿದೆವು. 2022ರಲ್ಲಿ ಐದೂ ಶಾಲೆಯ ಮೂರು ವರ್ಷದ ಲೆಕ್ಕ ತೆಗೆದು ಒಂದೇ ಹಾಳೆಯಲ್ಲಿ ಬರೆದೆ. ಒಟ್ಟು ಸೇರಿಸಿದರೆ ವರ್ಷಕ್ಕೆ ಎರಡೂ ಕಾಲು ಕೋಟಿ ಚಿಲ್ಲರೆ ಬರುತ್ತದೆ. ಸಂಬಳ, ಪಿಎಫ್ ಎಲ್ಲ ಸೇರಿ ತಿಂಗಳಿಗೆ 14 ಲಕ್ಷದ ಹತ್ತಿರ, ಅಂದರೆ ವರ್ಷಕ್ಕೆ ಒಂದೂ ಮುಕ್ಕಾಲು ಕೋಟಿಗಿಂತ ಸ್ವಲ್ಪ ಕಡಿಮೆ. ಕರೆಂಟು, ರಿಪೇರಿ, ಬಸ್ಸು ಕಳೆದರೂ ಉಳಿಯುತ್ತದೆ. ದುಡ್ಡಿಗೆ ಕೊರತೆ ಇರಲಿಲ್ಲ. ದುಡ್ಡು ತಪ್ಪು ಜಾಗದಲ್ಲಿ ಇತ್ತು.

ಆಡಿಟರ್ ಹೆದರಿಸಿದರು. ಹಳೇ ಟ್ರಸ್ಟಿಗಳೂ ಹೆದರಿಸಿದರು. ಆದರೆ ಕಾನೂನು ನೋಡಿದರೆ ಪ್ಯಾನ್ ಒಂದೇ, ಟ್ರಸ್ಟ್ ಒಂದೇ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಆದಾಯದ 85 ಭಾಗ ಟ್ರಸ್ಟ್‌ನ ಉದ್ದೇಶಕ್ಕೆ ಖರ್ಚಾಗಬೇಕು, 15 ಭಾಗ ಉಳಿಸಿಕೊಳ್ಳಬಹುದು. ಆ 15 ಭಾಗ ನಮಗೆ ವರ್ಷಕ್ಕೆ 33-34 ಲಕ್ಷ ಆಗುತ್ತದೆ. ಮೂರು ತಿಂಗಳ ಸಂಬಳದ ನಿಧಿ ಎಂದರೆ 42 ಲಕ್ಷ. ಅಂದರೆ ವರ್ಷ ವರ್ಷ ಆ ಮಿತಿಯ ಒಳಗೇ ಉಳಿಸುತ್ತಾ ನಿಧಿ ಕಟ್ಟಬಹುದು, ಯಾವ ಕಸರತ್ತೂ ಬೇಡ. ಇದನ್ನು ತೋರಿಸಿದ ಮೇಲೆ ಆಡಿಟರ್ ಸುಮ್ಮನಾದರು. ನಿಧಿ ಪೂರ್ತಿ ಆಗಲು ಎರಡು ವರ್ಷದ ಮೇಲಾಯಿತು, ಈಗ ಎಫ್‌ಡಿಯಲ್ಲಿದೆ. ನಿಧಿ ಇನ್ನೂ ಇಲ್ಲದ ಮೊದಲ ಏಪ್ರಿಲ್-ಮೇ ಹೇಗೆ ದಾಟಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಖಾಮುಖಿ ಸಿಕ್ಕರೆ ಹೇಳುತ್ತೇನೆ. ಸಾಲ ಅಲ್ಲ ಎಂದಷ್ಟು ಹೇಳಬಲ್ಲೆ.

ಒಂದು ಎಚ್ಚರಿಕೆ. ಅನುದಾನಿತ ಶಾಲೆಯ ಸರ್ಕಾರಿ ಲೆಕ್ಕವನ್ನು ಇದರೊಳಗೆ ತರಬೇಡಿ. ಅದು ಪೂರ್ತಿ ಬೇರೆಯೇ ಇರಲಿ. ಒಂದೊಂದು ಶಾಲೆಯ ಮಾನ್ಯತೆ ಬೇರೆ, ಸರ್ಕಾರ ಪ್ರತಿ ಶಾಲೆಗೆ ಕೊಡುವ ಯು-ಡೈಸ್ ಗುರುತಿನ ಸಂಖ್ಯೆ ಬೇರೆ, ಖರ್ಚಿನ ಲೆಡ್ಜರೂ ಬೇರೆಯೇ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಕೇಳಿದರೆ ಆಯಾ ಶಾಲೆಯ ಲೆಕ್ಕ ಆ ಗಳಿಗೆಗೆ ಸಿಗಬೇಕು. ಒಂದಾಗಿದ್ದು ಗಲ್ಲಾ ಮತ್ತು ಸಂಬಳದ ಪಟ್ಟಿ ಮಾತ್ರ.

ಇನ್ನು ವಸೂಲಿ. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದು. ಭಟ್ಟಿ ಶಾಲೆಯ ಫೀಸು ಬಾರದೇ ಇದ್ದುದಕ್ಕೆ ಬಡತನ ಕಾರಣ ಎಂದು ಎಲ್ಲರೂ ಹೇಳುತ್ತಿದ್ದರು. ಬಡತನ ಇದೆ, ನಿಜ. ಆದರೆ ನಾವು ಕೇಳುತ್ತಿದ್ದುದು ಜೂನ್‌ನಲ್ಲಿ ಎರಡು ಸಾವಿರ, ನವೆಂಬರ್‌ನಲ್ಲಿ ಎರಡೂವರೆ ಸಾವಿರ. ಭಟ್ಟಿಯಲ್ಲಿ ಕೆಲಸ ಮಾಡುವವರ ಕೈಯಲ್ಲಿ ಎರಡು ಸಾವಿರ ಒಟ್ಟಿಗೆ ಯಾವತ್ತೂ ನಿಲ್ಲುವುದಿಲ್ಲ. ಅವರಿಗೆ ವಾರದ ಬಟವಾಡೆ. ಹಾಗಾಗಿ ಫೀಸನ್ನೂ ವಾರಕ್ಕೆ ತಂದೆವು. ವಾರಕ್ಕೆ 150, ಮೂವತ್ತು ವಾರ. ಒಂದು ಹಳದಿ ಕಾರ್ಡು, ಅದರಲ್ಲಿ ಮೂವತ್ತು ಮನೆ. ಬಟವಾಡೆ ಆದ ಸಂಜೆ ಐದರಿಂದ ಏಳರವರೆಗೆ ನಮ್ಮ ಕ್ಲರ್ಕ್ ಗೇಟಿನ ಹತ್ತಿರ ಮೇಜು ಹಾಕಿಕೊಂಡು ಕೂರುತ್ತಾರೆ. ಅಮ್ಮಂದಿರು ಕೆಲಸದಿಂದ ಸೀದಾ ಬರುತ್ತಾರೆ, ಸೀರೆಗೆ ಹೊಟ್ಟಿನ ಹೊಗೆಯ ವಾಸನೆ, ಹುಬ್ಬಿನ ಮೇಲೆ ಮಸಿ. ಎಲೆಅಡಿಕೆ ಚೀಲ ಬಿಚ್ಚಿ ಹತ್ತು, ಇಪ್ಪತ್ತರ ನೋಟು ಎಣಿಸುತ್ತಾರೆ. ಕ್ಲರ್ಕ್ ಎಣಿಸುವ ಮುಂಚೆ ಮಗಳು ಎಣಿಸುತ್ತಾಳೆ. ಆಮೇಲೆ ಕಾರ್ಡಿನ ಮೇಲೆ ಮುದ್ರೆ. ಮುದ್ರೆಯನ್ನು ಮಗುವೇ ಒತ್ತಬೇಕು, ಆ ನಿಯಮ ಮಾಡಿದವರು ಕ್ಲರ್ಕೇ. ಮುದ್ರೆ ಒತ್ತಲು ಮಕ್ಕಳೇ ಅಮ್ಮನನ್ನು ಎಳೆದುಕೊಂಡು ಬರಲು ಶುರು ಮಾಡಿದರು. ಮೊದಲ ವರ್ಷಕ್ಕೇ ವಸೂಲಿ 85 ಭಾಗ ದಾಟಿತು. ಈಗ 90ರ ಮೇಲಿದೆ. ಕಾರ್ಡಿನ ಬದಲು ಆ್ಯಪ್ ಮಾಡೋಣ ಎಂದು ಒಬ್ಬರು ಬಂದಿದ್ದರು, ಬೇಡ ಎಂದೆ.

ಬಾಕಿ ಇರುವವರನ್ನು ಮಕ್ಕಳ ಎದುರು ಕೇಳುವುದಿಲ್ಲ, ಹಾಲ್ ಟಿಕೆಟ್ ಹಿಡಿಯುವುದಿಲ್ಲ. ಇದು ಐದೂ ಶಾಲೆಗೆ ಒಂದೇ ಕಟ್ಟಳೆ. ಪೂರ್ತಿ ಕೈಲಾಗದ ಮನೆ ಇರುತ್ತವೆ, ಅವರ ಕಾರ್ಡಿಗೂ ಮುದ್ರೆ ಬೀಳುತ್ತದೆ. ಅದರ ಲೆಕ್ಕ ಹೇಗೆ ಹೊಂದಿಸುತ್ತೇವೆ ಎಂಬುದು ನನಗೆ, ಎಚ್ಎಂಗೆ, ಕ್ಲರ್ಕಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಹಾಗೇ ಇರಲಿ.

ಸಂಬಳದ ಪಟ್ಟಿ ಒಂದು ಮಾಡುವಾಗ ಜಗಳ ಆಗಿದ್ದು ಬಡಾವಣೆ ಶಾಲೆಯಲ್ಲಿ. ಅಲ್ಲಿ 18ರಿಂದ 22 ಸಾವಿರ ಇತ್ತು, ಭಟ್ಟಿ ಕಡೆ ಒಂಬತ್ತು ಸಾವಿರ. ಎರಡನ್ನೂ ಒಂದೇ ದಿನ ಸಮ ಮಾಡಲು ಆಗುವುದಿಲ್ಲ. ನಾವು ಅನುಭವದ ವರ್ಷದ ಮೇಲೆ ಒಂದೇ ಮೆಟ್ಟಿಲು ಹಾಕಿದೆವು. ಮೇಲಿನವರದ್ದು ಒಂದು ರೂಪಾಯಿಯನ್ನೂ ಕಡಿಮೆ ಮಾಡಲಿಲ್ಲ, ಆದರೆ ಎರಡು ವರ್ಷ ಅವರ ಇನ್‌ಕ್ರಿಮೆಂಟು ಸಣ್ಣದು. ಕೆಳಗಿನವರದ್ದು ವರ್ಷಕ್ಕೆ ಒಂದೂವರೆಯಿಂದ ಎರಡು ಸಾವಿರ ಏರಿತು. ಈಗ ಭಟ್ಟಿ ಶಾಲೆಯಲ್ಲಿ 13-14 ಸಾವಿರ ಇದೆ. ಇನ್ನೂ ಸಮ ಆಗಿಲ್ಲ, ಆಗಬೇಕು. ಬಡಾವಣೆಯ ಶಿಕ್ಷಕರು ಒಪ್ಪಿದ್ದು ಎರಡು ಕಾರಣಕ್ಕೆ. ಹನ್ನೆರಡು ತಿಂಗಳ ಸಂಬಳ ಒಂದು. ಸೇವೆಯ ವರ್ಷಕ್ಕೆ ತಕ್ಕಂತೆ ನಿವೃತ್ತಿಯಾಗುವಾಗ ಒಟ್ಟಿಗೆ ಕೊಡುವ ಗ್ರಾಚ್ಯುಟಿ ಇನ್ನೊಂದು.

ಗ್ರಾಚ್ಯುಟಿ ವಿಷಯದಲ್ಲಿ ಬಹಳ ಮ್ಯಾನೇಜ್‌ಮೆಂಟಿನವರು ಇನ್ನೂ ಕಣ್ಣು ಮುಚ್ಚಿಕೊಂಡಿದ್ದಾರೆ. ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿ ಶಿಕ್ಷಕರನ್ನೂ ಒಳಗೆ ತಂದಿತು, ಅದೂ 1997ರ ಏಪ್ರಿಲ್‌ನಿಂದ ಅನ್ವಯ ಆಗುವ ಹಾಗೆ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದು ಸರಿ ಎಂದಿತು. ಇಪ್ಪತ್ತು ವರ್ಷ ದುಡಿದ, ಕೊನೆಯ ಸಂಬಳ 18 ಸಾವಿರ ಇರುವ ಒಬ್ಬ ಮಿಸ್ ನಿವೃತ್ತರಾದರೆ ಎರಡು ಲಕ್ಷದ ಮೇಲೆ ಕೊಡಬೇಕು. ಅದು ಅವರ ದುಡ್ಡು. ಒಂದೇ ವರ್ಷ ಒಂದು ಸಣ್ಣ ಶಾಲೆಯಲ್ಲಿ ಮೂವರು ನಿವೃತ್ತರಾದರೆ ಆ ಶಾಲೆ ಎಲ್ಲಿಂದ ತರುತ್ತದೆ? ಐದು ಶಾಲೆ ಸೇರಿದರೆ ಆ ಭಾರ ಹಂಚಿಹೋಗುತ್ತದೆ. ನಾವು ಸಂಬಳದ ಮೊತ್ತದ ಸುಮಾರು 5 ಭಾಗವನ್ನು ಪ್ರತಿ ತಿಂಗಳು ಬೇರೆ ಇಡುತ್ತೇವೆ. ಈಗಾಗಲೇ ನಾಲ್ಕು ಜನಕ್ಕೆ ಕೈಗೆ ಚೆಕ್ ಕೊಟ್ಟು ಕಳಿಸಿದ್ದೇವೆ.

ಪೋಷಕರ ಸಭೆ ಬಿಸಿಯಾಗಿತ್ತು. "ನಾವು ಕಟ್ಟೋ ಫೀಸು ನಮ್ಮ ಮಕ್ಕಳಿಗೆ ಖರ್ಚು ಮಾಡಿ, ಬೇರೆ ಶಾಲೆಗೆ ಯಾಕೆ?" ಎಂದು ಬಡಾವಣೆಯ ತಂದೆಯೊಬ್ಬರು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಸಿದೆ, ಇಂದಿಗೂ ಪ್ರತಿ ಜೂನ್‌ನಲ್ಲಿ ಹಾಕಿಸುತ್ತೇನೆ. ನೀವು ಕಟ್ಟುವ 100 ರೂಪಾಯಿಯಲ್ಲಿ ಸುಮಾರು 10 ರೂಪಾಯಿ ಹಳೇಪೇಟೆ ಮತ್ತು ಭಟ್ಟಿ ಕಡೆ ಹೋಗುತ್ತದೆ, ಬಾಕಿ ಇಲ್ಲೇ. ಇದು ಲಾಭದ ಅಂಗಡಿ ಅಲ್ಲ, ಧರ್ಮಾರ್ಥ ಟ್ರಸ್ಟ್, ತೆರಿಗೆ ವಿನಾಯಿತಿ ಸಿಕ್ಕಿರುವುದೂ ಅದಕ್ಕೇ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಅದನ್ನೇ, ಒಂದಿಷ್ಟು ಉಳಿತಾಯ ಇರಬಹುದು, ಆದರೆ ಶಿಕ್ಷಣ ಲಾಭಕೋರತನದ ವ್ಯಾಪಾರ ಆಗಬಾರದು. ನಮ್ಮ ಉಳಿತಾಯ ಶಿಕ್ಷಕರ ಸಂಬಳಕ್ಕೆ ಹೋಗುತ್ತದೆ, ನಿಮಗೆ ಬೇಡವೆನಿಸಿದರೆ ಟಿಸಿ ತಗೊಳ್ಳಿ, ಬೇಜಾರಿಲ್ಲ ಎಂದೆ. ಮೊದಲ ವರ್ಷ ಇಪ್ಪತ್ತು ಮಕ್ಕಳ ಟಿಸಿ ಹೋಯಿತು. ಮುಂದಿನ ಜೂನ್‌ಗೆ ಸೀಟು ತುಂಬಿತು. ಕಾರಣ ಭಾಷಣ ಅಲ್ಲ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಗಣಿತದ ಮೇಷ್ಟ್ರು ಬದಲಾಗದೆ ಅವರೇ ಉಳಿದಿದ್ದು. ಪೋಷಕರಿಗೆ ಅದು ತಕ್ಷಣ ಕಾಣುತ್ತದೆ. ಪ್ರಶ್ನೆ ಕೇಳಿದ ಆ ತಂದೆ ಈಗ ಫೀಸಿನ ಜೊತೆ ಪ್ರತಿ ವರ್ಷ ಐದು ಸಾವಿರ ಜಾಸ್ತಿ ಕೊಡುತ್ತಾರೆ, ಭಟ್ಟಿ ಶಾಲೆಗೆ ಎಂದು ಚೀಟಿ ಬರೆದು.

ಹಳೇ ವಿದ್ಯಾರ್ಥಿಗಳ ಕಡೆಯಿಂದಲೂ ಒಂದಿಷ್ಟು ಬಂತು. ದೊಡ್ಡದು ಕೇಳಲಿಲ್ಲ. ತಿಂಗಳಿಗೆ 250, ಯುಪಿಐ ಆಟೋಪೇ, ಏಪ್ರಿಲ್-ಮೇ ಸಂಬಳದ ನಿಧಿಗೆ ಮಾತ್ರ. ಮುನ್ನೂರು ಜನ ಸೇರಿದರು, ನೂರು ಜನ ಬಿಟ್ಟರು, ಇನ್ನೂರು ನಿಂತರು. ಅಂದರೂ ವರ್ಷಕ್ಕೆ ಆರು ಲಕ್ಷ. ಇದರಲ್ಲಿ ತಲೆನೋವು ಎಂದರೆ ಪ್ಯಾನ್ ಸಂಗ್ರಹ. ಮೇ 31ರೊಳಗೆ ದಾನ ಕೊಟ್ಟವರ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು, ಬೆಂಗಳೂರಿನಲ್ಲಿರುವವರು ಫೋನ್ ಎತ್ತುವುದಿಲ್ಲ. ಇನ್ನೊಂದು ಮಾತು, ದಾನಕ್ಕೆ ಸಿಗುವ 80ಜಿ ತೆರಿಗೆ ವಿನಾಯಿತಿಯ ಆಸೆ ತೋರಿಸಿ ದುಡ್ಡು ಕೇಳುವ ಕಾಲ ಮುಗಿಯಿತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿಯೇ ಸಿಗುವುದಿಲ್ಲ, ನೌಕರಿಯಲ್ಲಿರುವ ಬಹಳ ಹುಡುಗರು ಅದರಲ್ಲೇ ಇದ್ದಾರೆ. "ನಿಮಗೆ ಕಲಿಸಿದ ಮಿಸ್‌ಗೆ ಮೇ ತಿಂಗಳ ಸಂಬಳ" ಎಂದು ನೇರವಾಗಿ ಕೇಳಿದರೆ ಕೊಡುತ್ತಾರೆ.

ಗಲ್ಲಾ ಒಂದಾದ ಮೇಲೆ ಬೇರೆ ಬೇರೆ ಪ್ರಯೋಗಕ್ಕೂ ಧೈರ್ಯ ಬಂತು. ವಿಜ್ಞಾನದ ಮೇಡಂ ಒಬ್ಬರನ್ನು ಎರಡು ಶಾಲೆಗೆ ಹಂಚಿದೆವು. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ ಎಂದು ಮಾಡಿದಾಗ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲೇ ಅವರ ಒಂದು ಪೀರಿಯಡ್ಡು ಹೋಗುತ್ತಿತ್ತು. ಸೋಮವಾರದಿಂದ ಬುಧವಾರ ಒಂದು ಕಡೆ, ಗುರುವಾರದಿಂದ ಶನಿವಾರ ಇನ್ನೊಂದು ಕಡೆ ಎಂದು ಮಾಡಿದ ಮೇಲೆ ಸರಿಹೋಯಿತು. ಯೂನಿಫಾರ್ಮ್ ಬಟ್ಟೆಯನ್ನು ಒಟ್ಟಿಗೆ ತಂದು ಸ್ತ್ರೀಶಕ್ತಿ ಸಂಘದವರಿಂದ ಹೊಲಿಸಿದ್ದು ನಡೆಯಲಿಲ್ಲ. ಬಟ್ಟೆಯಲ್ಲಿ ಉಳಿದ ದುಡ್ಡು ಅಳತೆ ಸರಿಯಾಗದೆ ಬಿಚ್ಚಿ ಹೊಲಿಯುವುದರಲ್ಲಿ ಹೋಯಿತು. ಬಡಾವಣೆ ಶಾಲೆಯ ಮೇಲೆ 20 ಕಿಲೋವಾಟ್ ಸೋಲಾರ್ ಹಾಕಿದೆವು, 11 ಲಕ್ಷದ ಹತ್ತಿರ ಆಯಿತು. ಬೇಸಿಗೆ ರಜೆಯಲ್ಲಿ ಶಾಲೆ ಬಂದ್, ಬಿಸಿಲು ಜೋರು, ಕರೆಂಟೆಲ್ಲ ಬೆಸ್ಕಾಂ ಗ್ರಿಡ್‌ಗೆ ಹೋಗುತ್ತದೆ. ತಿಂಗಳಿಗೆ 18 ಸಾವಿರ ಬರುತ್ತಿದ್ದ ಬಿಲ್ಲು ಈಗ ಮೂರು ನಾಲ್ಕು ಸಾವಿರ. ಉಳಿದಿದ್ದು ಗ್ರಾಚ್ಯುಟಿಗೆ.

ಒಂದು ಟ್ರಂಕಿನಲ್ಲಿ ಕಥೆ ಪುಸ್ತಕ ತುಂಬಿ ತಿಂಗಳಿಗೊಂದು ಶಾಲೆಗೆ ಆಟೋದಲ್ಲಿ ಕಳಿಸುತ್ತೇವೆ. ಕನ್ನಡ ಕಥೆ ಪುಸ್ತಕಗಳು ಜಾಸ್ತಿ ಸವೆದು ಬರುವುದು ಬಡಾವಣೆಯ ಇಂಗ್ಲಿಷ್ ಮೀಡಿಯಂನಿಂದ! ಮನೆಯಲ್ಲಿ ಕನ್ನಡ ಪುಸ್ತಕ ಇಲ್ಲ, ಮಕ್ಕಳಿಗೆ ಆಸೆ ಇದೆ. ಈ ವರ್ಷ ಎರಡನೇ ಟ್ರಂಕ್ ಮಾಡಿಸುತ್ತಿದ್ದೇವೆ.

ಬಿಇಡಿ ಆದವರು ಈಗ ನಮ್ಮಲ್ಲಿ ಅರ್ಜಿ ಹಾಕುವಾಗ "ಯಾವ ಶಾಲೆಯಾದರೂ ಪರವಾಗಿಲ್ಲ ಸಾರ್" ಎನ್ನುತ್ತಾರೆ. ಭಟ್ಟಿ ಶಾಲೆಯಲ್ಲಿ ಕಳೆದ ಏಪ್ರಿಲ್‌ನಲ್ಲಿ ಬಿಟ್ಟವರು ಒಬ್ಬರೇ, ಅದೂ ಮದುವೆಯಾಗಿ ಹರಿಹರಕ್ಕೆ ಹೋಗಿದ್ದಕ್ಕೆ.

ಮಾಡಬೇಕು ಅನ್ನುವವರಿಗೆ ಒಂದೇ ಮಾತು, ಜೂನ್‌ನಲ್ಲಿ ಶುರು ಮಾಡಬೇಡಿ. ಜೂನ್‌ನಲ್ಲಿ ಎಲ್ಲರ ಖಾತೆಯಲ್ಲೂ ದುಡ್ಡಿರುತ್ತದೆ, ಯಾರೂ ಒಪ್ಪುವುದಿಲ್ಲ. ಡಿಸೆಂಬರ್‌ನಲ್ಲಿ ಸಭೆ ಕರೆಯಿರಿ. ಐದೂ ಪಾಸ್‌ಬುಕ್ಕು ಮೇಜಿನ ಮೇಲಿಡಿ, ಮುಖ್ಯಸ್ಥರೆಲ್ಲ ಒಟ್ಟಿಗೆ ನೋಡಲಿ. ಟ್ರಸ್ಟಿಗಳು ಚೆಕ್ಕಿನ ಸಹಿ ಬಿಟ್ಟುಕೊಡಲು ಒಪ್ಪುವವರೆಗೆ ಎರಡನೇ ವಿಷಯಕ್ಕೆ ಹೋಗಬೇಡಿ. ನಮ್ಮಲ್ಲಿ ಅದಕ್ಕೇ ಅರ್ಧ ವರ್ಷ ಹಿಡಿಯಿತು. ಬಂದು ನೋಡುವುದಾದರೆ ಬಟವಾಡೆ ಸಂಜೆ ಬನ್ನಿ, ಹಳದಿ ಕಾರ್ಡಿನ ಮಾದರಿ ಕೊಡುತ್ತೇನೆ. ಬರುವಾಗ ನಿಮ್ಮ ಮೂರು ವರ್ಷದ ಲೆಕ್ಕ ತನ್ನಿ, ಆಡಿಟ್ ಆಗಿದ್ದು.